ಸೀರೆ ಪೇಟೆ ಹುಡುಕಿದ ಡ್ರೈವರ್ ತಿಮ್ಮರಾಯಿ

ಗಿರಣಿ ಸಾಹುಕಾರರ ಹೆಂಡತಿ ಚಂಪಕಮ್ಮ ಬೆಂಗಳೂರಿಗೆ ಬಂದವರೇ ಡ್ರೈವರ್ ತಿಮ್ಮರಾಯಿಗೆ ಗುಡುಗಿದರು: "ಒಳ್ಳೆ ಸೀರೆ ಸಿಗೋ ಪೇಟೆಗೆ ನಡಿ. ಬೀದಿ ಬೀದಿ ಅಲೆಸಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ತಿಮ್ಮರಾಯಿ ಕಾರನ್ನು ಸೀದಾ ಒಂದು ಕಲ್ಯಾಣ ಮಂಟಪದ ಮುಂದೆ ನಿಲ್ಲಿಸಿದ.

"ಯಾರ ಮದುವೆಯೋ ಇದು?"

"ಯಾರದ್ದಾದರೇನಮ್ಮಾ? ಊರಿನ ಒಳ್ಳೊಳ್ಳೆ ಸೀರೆಯೆಲ್ಲ ಇಲ್ಲೇ ಓಡಾಡ್ತಾವೆ. ಎಲ್ಲಿ ತಗೊಂಡ್ರಿ ಅಂತ ಕೇಳಿ, ಸಾಕು."

ಅವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹೆಣ್ಣಿನವರು ಓಡಿಬಂದು, ಗಂಡಿನ ಕಡೆಯವರೆಂದೇ ತಿಳಿದು, ಪನ್ನೀರು ಚಿಮುಕಿಸಿ ಒಳಗೆ ಕರೆದೊಯ್ದರು. ಚಂಪಕಮ್ಮ ಒಬ್ಬಾಕೆಯ ಸೀರೆ ಹೊಗಳಿದ್ದೇ ತಡ, ಹೆಂಗಸರೆಲ್ಲ ಮುತ್ತಿಕೊಂಡರು. ಚಿಕ್ಕಪೇಟೆ ಅಂದಳು ಒಬ್ಬಳು. ಮಲ್ಲೇಶ್ವರದ ಮುಂದೆ ಅದ್ಯಾವ ಲೆಕ್ಕ ಅಂದಳು ಇನ್ನೊಬ್ಬಳು. ಸೆರಗು ಸೆರಗನ್ನೂ ಮುಟ್ಟಿ ನೋಡಿ ಚಂಪಕಮ್ಮನೇ ತೀರ್ಪು ಕೊಟ್ಟರು: ಚಿಕ್ಕಪೇಟೆ!

ಹೋಳಿಗೆ ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ಅವರು ಹೊರಬಂದಾಗ ತಿಮ್ಮರಾಯಿ ಹೆದರುತ್ತಲೇ ಕಾರಿನ ಬಾಗಿಲು ತೆರೆದ.

"ನಾಳೆ ಒಡವೆ ಅಂಗಡಿ ಹುಡುಕಬೇಕು ಕಣೋ," ಎಂದರು ಚಂಪಕಮ್ಮ. "ಎಲ್ಲಿ ಮದುವೆಯಿದೆ ನೋಡಿಟ್ಟಿರು."