ಗಾಡಿ ಹಿಡಿದಿಟ್ಟ ಮೇಸ್ತ್ರಿ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಹೊಂಬಾಳೆ ಅಂತ ಒಂದು ರಾಜ್ಯ. ಅಲ್ಲಿ ಎಲ್ಲಿ ನೋಡಿದರೂ ಇಳಿಜಾರು ದಾರಿ. ಗಾಡಿಯ ಅಚ್ಚು ಮುರಿದರೆ ಎತ್ತೂ ಇಲ್ಲ, ಜನವೂ ಇಲ್ಲ, ಎಲ್ಲಾ ಕಣಿವೆ ಪಾಲು.

ಅದಕ್ಕೇ ರಾಜ ಡಂಗುರ ಸಾರಿಸಿದ: "ಎಲ್ಲರೂ ವರ್ಷಕ್ಕೊಮ್ಮೆ ಮೇಸ್ತ್ರಿಗೆ ಗಾಡಿ ತೋರಿಸಬೇಕು. ಮೇಸ್ತ್ರಿ ಗಾಡಿ ನೋಡಬೇಕು, ದೋಷ ಹೇಳಬೇಕು, ಕೆಟ್ಟ ಗಾಡಿಗೆ ಕೆಮ್ಮಣ್ಣು ಬಳಿಯಬೇಕು. ಕೆಮ್ಮಣ್ಣಿನ ಗಾಡಿ ದಾರಿಗಿಳಿದರೆ ನನ್ನ ಕಾವಲಿನವರು ತಡೆಯುತ್ತಾರೆ."

ಗಾಡಿ ನೋಡಲು ನೇಮಕವಾದವನು ಕಾಳಿಂಗಯ್ಯ. ಕೆಲಸ ಬಲ್ಲವನೇ. ಆದರೆ ರಾಜ ಹೇಳಿದ ಮೂರು ಕೆಲಸಕ್ಕೆ ತಾನೇ ನಾಲ್ಕನೆಯದೊಂದು ಸೇರಿಸಿಕೊಂಡ. ಕೆಟ್ಟ ಗಾಡಿಯನ್ನು ಹಿತ್ತಲಿಗೆ ನೂಕಿ, ಚಕ್ರಕ್ಕೆ ಸರಪಳಿ ಬಿಗಿದು ಬೀಗ ಹಾಕುತ್ತಿದ್ದ. "ರಾಜಾಜ್ಞೆ! ನಾನೇ ರಿಪೇರಿ ಮಾಡಬೇಕು, ನಾನು ಕೇಳಿದ್ದು ಕೊಡಬೇಕು. ಅಲ್ಲೀವರೆಗೆ ಗಾಡಿ ಬಿಡಲ್ಲ." ಜನ ನಂಬಿದರು. ಅವನ ತಲೆಯ ಮೇಲೆ ಅರಮನೆ ಪೇಟ ಇತ್ತಲ್ಲ!

ಒಂದು ದಿನ ಬೀಸುಕಲ್ಲು ಮಾರುವ ತಿಪ್ಪಕ್ಕ ಬಂದಳು. ಊರೂರು ತಿರುಗುವ ಅವಳಿಗೆ ಗಾಡಿಯೇ ಮನೆ. ಜೊತೆಗೆ ಅತ್ತೆ, ಇಬ್ಬರು ಪುಟ್ಟ ಮಕ್ಕಳು.

ಕಾಳಿಂಗಯ್ಯ ಗಾಡಿಯ ಕೆಳಗೆ ಬಗ್ಗಿದ. "ಅಚ್ಚು ಬಿರುಕು ಬಿಟ್ಟಿದೆ."

ತಿಪ್ಪಕ್ಕನೂ ಬಗ್ಗಿ ನೋಡಿದಳು. ನಿಜವೇ. ನಿನ್ನೆ ಇದೇ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಟ್ಟ ಇಳಿದಿದ್ದಳು. ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೇಳಿದ್ದು ಒಳ್ಳೇದಾಯ್ತು ಮೇಸ್ತ್ರಿಗಳೇ. ನಮ್ಮ ಬಡಗಿಯನ್ನ ಇಲ್ಲಿಗೇ ಕರ್ಕೊಂಡು ಬಂದು ಹೊಸ ಅಚ್ಚು ಹಾಕಿಸ್ತೀನಿ."

"ನನ್ನ ಹಿತ್ತಲಲ್ಲಿ ಬೇರೆ ಬಡಗಿಯೇ? ಸಾಧ್ಯವಿಲ್ಲ. ಗಾಡಿ ಇಲ್ಲೇ ಇರುತ್ತೆ. ರಾಜಾಜ್ಞೆ!"

ತಿಪ್ಪಕ್ಕ ಒಂದು ಗಳಿಗೆ ಯೋಚಿಸಿದಳು. ಡಂಗುರ ಅವಳೂ ಕೇಳಿದ್ದಳು. ಅದರಲ್ಲಿ ಬೀಗದ ಮಾತೇ ಇರಲಿಲ್ಲ.

"ಆಗಲಿ ಮೇಸ್ತ್ರಿಗಳೇ. ಮನೆ ಎಲ್ಲಿರುತ್ತೋ ಮನೆಯವರೂ ಅಲ್ಲೇ," ಅಂದವಳೇ ಹಿತ್ತಲಲ್ಲಿ ಒಲೆ ಹೂಡಿದಳು.

ಮೊದಲನೇ ದಿನ ಅವಳ ಎತ್ತುಗಳು ಕಾಳಿಂಗಯ್ಯನ ಹುಲ್ಲಿನ ಬಣವೆಗೆ ಬಾಯಿ ಹಾಕಿದವು. ಸಂಜೆಗೆ ಬಣವೆ ಅರ್ಧ ಆಗಿತ್ತು.

ಎರಡನೇ ದಿನ ಅತ್ತೆ ಹಾಡಲು ಶುರು ಮಾಡಿದಳು. ತಗಡಿನ ಮೇಲೆ ಮೊಳೆ ಎಳೆದಂಥ ದನಿ. ಕಾಳಿಂಗಯ್ಯ ಕಿವಿಗೆ ಹತ್ತಿ ತುರುಕಿಕೊಂಡ.

ಮೂರನೇ ದಿನ ತಿಪ್ಪಕ್ಕ ಉಳಿ, ಸುತ್ತಿಗೆ ತೆಗೆದಳು. ಕಟ್ ಕಟ್ ಕಟ್! ಊರಿನ ಹೆಂಗಸರೆಲ್ಲ ಸವೆದ ಬೀಸುಕಲ್ಲು ಹೊತ್ತುಕೊಂಡು ಕುಟ್ಟಿಸಲು ಬಂದರು. ಕಲ್ಲಿನ ಪುಡಿ ಹಾರಿ ಹಾರಿ ಕಾಳಿಂಗಯ್ಯನ ಸಾರಿನ ಪಾತ್ರೆಗೇ ಬಿತ್ತು.

"ಆಚೆ ಹೋಗೇ ಮಾರಾಯ್ತಿ!"

"ಗಾಡಿ ಬಿಡಿ, ಈಗಲೇ ಹೋಗ್ತೀನಿ."

"ಬಿಡಲ್ಲ. ರಾಜಾಜ್ಞೆ!"

"ಹಾಗಿದ್ದರೆ ರಾಜರಿಗೇ ದೂರು ಕೊಡಿ," ಎಂದಳು ತಿಪ್ಪಕ್ಕ, ಏನೂ ಅರಿಯದವಳ ಹಾಗೆ. "ಅವರು ಹೇಳಿದರೆ ಎದ್ದು ಹೋಗ್ತೀನಿ."

ಸಿಟ್ಟಿನಲ್ಲಿ ಕಾಳಿಂಗಯ್ಯನಿಗೆ ಹಿಂದು ಮುಂದು ಕಾಣಲಿಲ್ಲ. ಕಿವಿಯ ಹತ್ತಿಯನ್ನೂ ತೆಗೆಯದೆ ಅರಮನೆಗೆ ಓಡಿದ. ತಿಪ್ಪಕ್ಕ ಮೆಲ್ಲಗೆ ಹಿಂದೆಯೇ ನಡೆದಳು.

"ಬುದ್ಧೀ, ಈ ಹೆಂಗಸು ನನ್ನ ಹಿತ್ತಲು ಬಿಟ್ಟು ಕದಲುತ್ತಿಲ್ಲ!"

"ಯಾಕಮ್ಮಾ?" ಅಂದ ರಾಜ.

"ಗಾಡಿಗೆ ಬೀಗ ಹಾಕಿದ್ದಾರೆ ಬುದ್ಧೀ. ಗಾಡಿಯೇ ನಮಗೆ ಮನೆ."

ರಾಜ ಮೇಸ್ತ್ರಿಯ ಕಡೆ ತಿರುಗಿದ. "ಬೀಗ ಹಾಕು ಅಂತ ಯಾರು ಹೇಳಿದರು?"

"ರಾಜಾಜ್ಞೆ..." ಅಂದುಬಿಟ್ಟ ಕಾಳಿಂಗಯ್ಯ. ಅಂದಮೇಲೆ ಎದುರಿಗಿರುವವನೇ ರಾಜ ಅನ್ನುವುದು ನೆನಪಾಯಿತು. ಸಭೆ ಘೊಳ್ಳೆಂದು ನಕ್ಕಿತು.

ರಾಜ ನಗಲಿಲ್ಲ. "ನೋಡು, ಹೇಳು, ಬಳಿ ಅಂದೆ. ಹಿಡಿದಿಡು ಅಂದೆನೇ?" ಆಮೇಲೆ ತಿಪ್ಪಕ್ಕನನ್ನೂ ಕೇಳಿದ. "ಬೀಗ ತೆಗೆಸಿದರೆ ಆ ಮುರುಕಲು ಗಾಡಿ ಹೂಡುತ್ತೀಯಾ?"

"ಅಯ್ಯೋ, ಇಲ್ಲ ಬುದ್ಧೀ! ಅದರಲ್ಲಿ ನನ್ನ ಮಕ್ಕಳು ಕೂರೋದು. ಅಚ್ಚು ಬದಲಾಯಿಸದೆ ನೊಗ ಮುಟ್ಟಲ್ಲ."

ಅಂದೇ ಹಿತ್ತಲಿನ ಬೀಗಗಳೆಲ್ಲ ಒಡೆದವು. ಹಿಡಿದಿಟ್ಟ ಗಾಡಿಗಳನ್ನೆಲ್ಲ, ಎತ್ತು ಹೂಡದೆ, ಕಾಳಿಂಗಯ್ಯನೇ ಹೆಗಲು ಕೊಟ್ಟು ಅವರವರು ಹೇಳಿದ ಬಡಗಿಯ ಬಾಗಿಲಿಗೆ ಎಳೆದು ಮುಟ್ಟಿಸಬೇಕಾಯಿತು. ಬೀದಿಯ ಮಕ್ಕಳೆಲ್ಲ "ಹೋ, ಹೈ!" ಅಂತ ಎತ್ತು ಹೊಡೆಯುವ ಹಾಗೆ ಅವನ ಹಿಂದೆ ಕುಣಿದರು. ತಿಪ್ಪಕ್ಕ ಹೊಸ ಅಚ್ಚು ಹಾಕಿಸಿಕೊಂಡು ನಿಶ್ಚಿಂತೆಯಾಗಿ ಬೆಟ್ಟ ಇಳಿದಳು.

ನೀತಿ ಏನು ಗೊತ್ತಾಯಿತೇ ಮಕ್ಕಳೇ? ದೋಷ ತೋರಿಸಿದವರ ಮಾತು ಕೇಳಬೇಕು. ಆದರೆ ದೋಷ ತೋರಿಸಿದ ಮಾತ್ರಕ್ಕೆ ಇನ್ನೊಬ್ಬರ ವಸ್ತು ಹಿಡಿದಿಡುವ ಹಕ್ಕು ಯಾರಿಗೂ ಬರುವುದಿಲ್ಲ.