ಏನೂ ಹಚ್ಚದಿರಲು ದಾದಿ ಏಕೆ?

“ಅಮ್ಮ, ನಾವು ಕಲಿತದ್ದು ಸರಿಯಲ್ಲವೆಂದು ಹೊಸ ಸಂಶೋಧನೆ ಹೇಳಿದರೆ, ಅದನ್ನೇ ಇಷ್ಟು ದಿನ ಮನೆಮನೆಗೆ ಹೇಳಿಕೊಟ್ಟ ದಾದಿ ಏನು ಮಾಡಬೇಕು?”

ದಾದಿಯರಿಗೆ ಪಾಠ ಹೇಳುವ ಹೊನ್ನವ್ವನನ್ನು ಶಿಷ್ಯೆ ಕಸ್ತೂರಿ ಹೀಗೆ ಕೇಳಿದಳು. ಕೇಳಿ, “ಹೊಸ ಸಂಶೋಧನೆಗಳ ಬೆನ್ನು ಹತ್ತಿ ಓದುವುದು ನಿನ್ನಿಂದ ಆಗದು ಎಂದು ಮನೆಯಲ್ಲಿ ನಗುತ್ತಾರೆ” ಎಂದೂ ಸೇರಿಸಿದಳು.

“ನನ್ನಿಂದ ಆಗದು ಎಂದು ನನ್ನ ಭಾವ ಹೇಳಿದ್ದ. ನಾನು ಉತ್ತರ ಕೊಡಲಿಲ್ಲ, ಓದಿದೆ. ನಗುವವರನ್ನು ಬಿಡು. ಮೊದಲ ಪ್ರಶ್ನೆಗೆ ಒಂದು ಕತೆ ಇದೆ, ಕೇಳು” ಎಂದಳು ಹೊನ್ನವ್ವ.

ಒಂದು ಊರಿಗೆ ಒಬ್ಬ ದಾದಿ ಬಂದಳು. ಆ ಊರಿನವರು ಹುಟ್ಟಿದ ಮಗುವಿನ ಹೊಕ್ಕುಳಿಗೆ ಒಲೆಯ ಬೂದಿ ಹಚ್ಚುತ್ತಿದ್ದರು. ಬೂದಿಯಿಂದ ನಂಜೇರಿ ಕೆಲವು ಮಕ್ಕಳು ಸತ್ತಿದ್ದವು. ದಾದಿ ಮನೆಮನೆಗೆ ಹೋಗಿ ಬೂದಿ ಬಿಡಿಸಿದಳು. ಬೈಗುಳ ತಿಂದು ಬಿಡಿಸಿದಳು. ಬೂದಿಯ ಬದಲು ನಂಜು ತಡೆಯುವ ಆಸ್ಪತ್ರೆಯ ಪುಡಿ ಹಚ್ಚಿದಳು. ಅವಳು ಕಲಿತ ಪಾಠದಲ್ಲಿ ಪುಡಿಯೇ ಇತ್ತು.

ವರ್ಷಗಳು ಕಳೆದವು. ಹೆರಿಗೆಗಳು ಆಸ್ಪತ್ರೆಯಲ್ಲಿ ಆಗತೊಡಗಿದವು. ಮಗು ಮನೆಗೆ ಬಂದ ದಿನ ದಾದಿ ಬಂದು ಪುಡಿ ಹಚ್ಚುವುದು ಆ ಊರಿನಲ್ಲಿ ಒಂದು ಶಾಸ್ತ್ರವೇ ಆಯಿತು. ಅವಳಿಗೆ ಮಣೆ ಹಾಕಿ, ಎಲೆ ಅಡಿಕೆ ಕೊಟ್ಟು, ಆಮೇಲೆ ಮಗುವನ್ನು ಅವಳ ಮಡಿಲಿಗೆ ಹಾಕುತ್ತಿದ್ದರು.

ಒಂದು ದಿನ ದಾದಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದಳು. ಆಸ್ಪತ್ರೆಯಲ್ಲಿ ಶುದ್ಧವಾಗಿ ಕತ್ತರಿಸಿದ ಹೊಕ್ಕುಳಬಳ್ಳಿಗೆ ಏನನ್ನೂ ಹಚ್ಚಬೇಕಿಲ್ಲ, ಒಣಗಲು ಬಿಟ್ಟರೆ ಸಾಕು ಎಂದು ಅದರಲ್ಲಿತ್ತು. ಅವಳು ಕೂಡಲೇ ನಂಬಲಿಲ್ಲ. ಸುದ್ದಿಯ ಹಿಂದಿನ ಅಧ್ಯಯನವನ್ನು ತರಿಸಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದಳು. ಆ ಮಕ್ಕಳು ಎಲ್ಲಿ ಹುಟ್ಟಿದವು, ಬಳ್ಳಿಯನ್ನು ಯಾರು ಕತ್ತರಿಸಿದರು, ತನ್ನ ಊರಿನಂಥ ಊರು ಅದರಲ್ಲಿ ಇತ್ತೇ ಎಂದು ಹುಡುಕಿದಳು. ಇತ್ತು. ಬೇರೆಯವರ ಅಧ್ಯಯನಗಳನ್ನೂ ಹುಡುಕಿದಳು. ಅವೂ ಅದನ್ನೇ ಹೇಳಿದವು.

ಆಗ ಅವಳಿಗೆ ಭಯವಾಯಿತು. ಪುಡಿ ಬೇಡವೆಂದರೆ ಜನ ಮತ್ತೆ ಬೂದಿಗೆ ಹೋಗಬಹುದು, ಮಗು ಸಾಯಬಹುದು. ಸುಮ್ಮನಿದ್ದರೆ ಕೇಳುವವರಿಲ್ಲ. ಆದರೆ ಪುಡಿ ಮೆತ್ತಿದ ಹೊಕ್ಕುಳು ಕೆಂಪಾದರೆ ಬೇಗ ಕಾಣುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಒಂದು ಮನೆಗೆ ಮಗು ಬಂತು. ಆ ಮನೆಯ ಅಜ್ಜಿ ಊರಿನಲ್ಲಿ ಎಲ್ಲರಿಗಿಂತ ಕೊನೆಗೆ ಬೂದಿ ಬಿಟ್ಟವಳು.

“ಅಜ್ಜಿ, ಇನ್ನು ಪುಡಿ ಬೇಡ. ನಾನು ಹೇಳಿಕೊಟ್ಟದ್ದು ಸರಿಯಿರಲಿಲ್ಲ” ಎಂದಳು ದಾದಿ.

“ಮತ್ತೆ ಏನು ಹಚ್ಚಲಿ?”

“ಏನೂ ಹಚ್ಚಬೇಡಿ.”

ಅಜ್ಜಿ ನಕ್ಕಳು. “ಚೆನ್ನಾಯಿತು ನರ್ಸಮ್ಮ! ನನ್ನ ಅವ್ವ ಕಲಿಸಿದ ಬೂದಿ ಚೆಲ್ಲಿಸಿ ನಿನ್ನ ಪುಡಿ ತಂದೆ. ಈಗ ಅದೂ ಬೇಡವೋ? ಏನೂ ಹಚ್ಚದೆ ಇರುವುದಕ್ಕೆ ನೀನು ಯಾಕೆ ಬೇಕು? ಅಷ್ಟನ್ನು ನಮ್ಮ ಎಮ್ಮೆಯೂ ಮಾಡುತ್ತದೆ. ಒಲೆಯಲ್ಲಿ ಬೂದಿ ಇದೆ, ನನಗೆ ಕೈಯೂ ಇದೆ. ನೀನು ಹೋಗು.”

“ಏನೂ ಹಚ್ಚದಂತೆ ಕಾಯುವುದಕ್ಕೆ ನಾನು ಬೇಕು” ಎಂದು ದಾದಿ ಬರಿ ನೆಲದ ಮೇಲೆ ಕೂತಳು. ಆ ದಿನ ಅವಳಿಗೆ ಯಾರೂ ಮಣೆ ಹಾಕಿರಲಿಲ್ಲ.

ಮರುದಿನವೂ ಬಂದಳು. ಅದರ ಮರುದಿನವೂ ಬಂದಳು. ಮಗುವನ್ನು ಬೆಳಕಿಗೆ ತಂದು ಹೊಕ್ಕುಳು ನೋಡುವಳು, ಅಜ್ಜಿಯನ್ನೂ ಕರೆದು ತೋರಿಸುವಳು. ಸುತ್ತ ಕೆಂಪಾದರೆ, ವಾಸನೆ ಬಂದರೆ, ಕೀವು ಕಂಡರೆ ಆಸ್ಪತ್ರೆಗೆ ಓಡಬೇಕು ಎಂದು ಕಲಿಸುವಳು. ಹಿಂತಿರುಗುವಾಗ ಜಗಲಿಯ ಮೇಲಿದ್ದವರು, “ಇವತ್ತು ಏನು ಹಚ್ಚಿ ಬಂದೆ ನರ್ಸಮ್ಮ, ಗಾಳಿಯೋ?” ಎಂದು ಕೆಣಕುತ್ತಿದ್ದರು. ಅವಳು ತಿರುಗಿ ನೋಡದೆ ನಡೆಯುತ್ತಿದ್ದಳು.

ಒಂದು ಬೆಳಿಗ್ಗೆ ಒಣಗಿದ ಬಳ್ಳಿ ತಾನಾಗಿ ಕಳಚಿ ಬಟ್ಟೆಯಲ್ಲಿ ಬಿದ್ದಿತ್ತು. ಹೊಕ್ಕುಳು ಶುದ್ಧವಾಗಿತ್ತು. ಅಜ್ಜಿ ಒಲೆಯ ಬೂದಿಯನ್ನು ಬಾಚಿ ಪಾತ್ರೆ ತಿಕ್ಕಲು ಕೂತಳು.

ಈಗ ಆ ಊರಿನಲ್ಲಿ ಹೊಕ್ಕುಳಿಗೆ ಯಾರೂ ಏನೂ ಹಚ್ಚುವುದಿಲ್ಲ. ಆದರೆ ದಾದಿಯ ಮಾತನ್ನು ಮೊದಲಿನಂತೆ ಕಣ್ಣುಮುಚ್ಚಿ ಯಾರೂ ಒಪ್ಪುವುದೂ ಇಲ್ಲ. ಏನು ಹೇಳಿದರೂ, “ಇದು ಎಷ್ಟು ದಿನದ ಮಾತು?” ಎಂದು ಕೇಳುತ್ತಾರೆ. ಅವಳು ಮನೆಗೆ ಹೋಗಿ ಮತ್ತೆ ಓದುತ್ತಾಳೆ.

ಹೊನ್ನವ್ವ ಕತೆ ನಿಲ್ಲಿಸಿದಳು. ಕಸ್ತೂರಿಗೆ ಸಮಾಧಾನವಾಗಲಿಲ್ಲ.

“ಗಳಿಸಿದ ಮರ್ಯಾದೆಯನ್ನು ಅವಳೇ ಕಳೆದುಕೊಂಡಳಲ್ಲ ಅಮ್ಮ! ಇಷ್ಟು ವರ್ಷದ ಮೇಲೆ ಆ ಅಜ್ಜಿಯ ಎದುರು ಹಾಗೆ ಹೇಳಲು ನಾಚಿಕೆಯಾಗಲಿಲ್ಲವೇ?”

“ನಿನ್ನ ಅವ್ವನ ಮಾತು ಬಿಡು ಎಂದು ಅಜ್ಜಿಗೆ ಹೇಳುವಾಗ ಆಗದ ನಾಚಿಕೆ, ತನ್ನ ಪಾಠ ಬಿಡುವಾಗ ಯಾಕೆ ಆಗಬೇಕು?” ಎಂದಳು ಹೊನ್ನವ್ವ.