ಹಿತ್ತಲಿನ ಎಡೆ

"ಗುರುಗಳೇ, ನನ್ನ ತಮ್ಮ ತೀರಿಕೊಂಡು ಏಳು ವರ್ಷವಾಯಿತು. ದಿನವೂ ಕೋಣೆಯ ಬಾಗಿಲು ಮುಚ್ಚಿ ಅವನ ಹೆಸರಿನಲ್ಲಿ ಜಪಕ್ಕೆ ಕೂರುತ್ತೇನೆ. ದುಃಖ ಇಳಿಯುವುದಿರಲಿ, ವರ್ಷವರ್ಷಕ್ಕೂ ಬಲಿಯುತ್ತಿದೆ. ನಾನು ಎಲ್ಲಿ ತಪ್ಪಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮುಂದಿದ್ದ ಅವರೆಕಾಯಿಯನ್ನು ಸುಲಿದು ಮುಗಿಸಿ, ಸಿಪ್ಪೆಯನ್ನು ಒತ್ತಟ್ಟಿಗೆ ತಳ್ಳಿ, ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿ ಮದುವೆಯಾಗಿ ಬರುವಾಗ ತವರಿನ ಸೋರೆ ಬೀಜವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಪ್ರತಿವರ್ಷ ಹಿತ್ತಲಿನಲ್ಲಿ ಬಳ್ಳಿ ಹಬ್ಬಿಸಿ, ಒಂದು ಕಾಯಿಯನ್ನು ಮುಂದಿನ ವರ್ಷದ ಬೀಜಕ್ಕೆಂದು ಬಳ್ಳಿಯಲ್ಲೇ ಒಣಗಲು ಬಿಡುತ್ತಿದ್ದಳು. ಅವಳು ಸತ್ತಳು. ಮಕ್ಕಳಿಲ್ಲ. ನೇಕಾರನಿಗೆ ಅವಳದೆಂದು ಉಳಿದದ್ದು ಆ ಬಳ್ಳಿಯೊಂದೇ.

ಸತ್ತವರಿಗೆ ಎಡೆ ಇಟ್ಟು ಬಾಗಿಲು ಮುಚ್ಚುವುದು ಅವರ ಮನೆತನದ ಪದ್ಧತಿ. ಯಾರಾದರೂ ನೋಡುತ್ತಿದ್ದರೆ ಸತ್ತವರು ಬಂದು ಉಣ್ಣುವುದಿಲ್ಲವಂತೆ. ಉಳಿದವರು ವರ್ಷಕ್ಕೊಮ್ಮೆ ಇಡುತ್ತಾರೆ. ಇವನಿಗೆ ವರ್ಷದವರೆಗೆ ತಡೆಯಲಾಗಲಿಲ್ಲ, ದಿನವೂ ಇಟ್ಟ. ಮಧ್ಯಾಹ್ನ ಎಲೆಯ ಮೇಲೆ ಅನ್ನ, ಸಾರು, ಅವಳಿಗೆ ಇಷ್ಟವಾದ ಹುರಿಗಡಲೆ ಚಟ್ನಿಪುಡಿ ಬಡಿಸಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಬಾಗಿಲು ಮುಚ್ಚಿ ಒಳಗೆ ಕೂರುವನು. ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಎಲೆ ಬರಿದು. "ಉಂಡಳು" ಎಂದುಕೊಂಡು ತಾನು ಉಣ್ಣುವನು. ಆ ಒಂದು ಮಾತಿನ ಬಲದ ಮೇಲೇ ಅವನು ಬದುಕಿದ್ದ ಅಂತಿಟ್ಟುಕೋ.

ಆ ವರ್ಷ ಹಿತ್ತಲಿಗೆ ಇಲಿಗಳು ಬಂದವು. ಮೊದಲು ಗೆಣಸು ಹೋಯಿತು, ಆಮೇಲೆ ಬದನೆ. ಬಿಲಕ್ಕೆ ನೀರು ಹೊಯ್ದ, ಮುಳ್ಳು ತುರುಕಿದ, ಮೆಣಸಿನಕಾಯಿ ಹೊಗೆ ಹಾಕಿದ. ಬೋನಿಗೆ ಕಟ್ಟಿದ ಕೊಬ್ಬರಿ ಹಾಗೇ ಉಳಿಯಿತು. ಇಲಿಗಳು ಹೆಚ್ಚುತ್ತಲೇ ಹೋದವು.

"ಇವಕ್ಕೆ ಇಷ್ಟು ಮೈ ಎಲ್ಲಿಂದ ಬಂತು?" ಎಂದು ಪಕ್ಕದ ಮನೆಯ ಮುದುಕಿಯನ್ನು ಕೇಳಿದ.

"ಯಾರೋ ಪುಣ್ಯಾತ್ಮರು ಕೂಳು ಹಾಕ್ತಾ ಇರಬೇಕು ಕಣಪ್ಪ," ಎಂದಳು ಅವಳು. ಅಂಥವನು ಕೈಗೆ ಸಿಕ್ಕರೆ ಬಿಡುವುದಿಲ್ಲ ಎಂದು ನೇಕಾರ ಹಲ್ಲು ಕಡಿದ.

ಬೀಜದ ಸೋರೆಗೆ ತಾನೇ ನೇಯ್ದ ದಪ್ಪ ಬಟ್ಟೆ ಸುತ್ತಿದ. ಒಂದು ಬೆಳಗ್ಗೆ ನೋಡಿದರೆ ಬಟ್ಟೆ ಹರಿದಿತ್ತು, ಕಾಯಿ ತೂತಾಗಿತ್ತು. ಅಲ್ಲಾಡಿಸಿದ, ಸದ್ದಿಲ್ಲ. ಒಳಗೆ ಒಂದು ಬೀಜವೂ ಉಳಿದಿರಲಿಲ್ಲ.

ಅಂದೂ ಅಡಿಗೆ ಮಾಡಿದ. ಎಡೆ ಇಟ್ಟು, "ನಿನ್ನ ಬೀಜ ಉಳಿಸಿಕೊಳ್ಳೋಕೆ ಆಗಲಿಲ್ಲ ಕಣೇ. ನೀನಾದರೂ ಬಂದು ಉಂಡು ಹೋಗು," ಎಂದ. ಬಾಗಿಲು ಮುಚ್ಚಿ ಕೂತ ಮೇಲೆ ನೀರಿಡಲು ಮರೆತದ್ದು ನೆನಪಾಯಿತು. ಅವಳಿಗೆ ಊಟದ ನಡುವೆ ಬಿಕ್ಕಳಿಕೆ ಬರುತ್ತಿತ್ತು. ಚೊಂಬು ಹಿಡಿದು ಬಾಗಿಲು ತೆರೆದ.

ಎಲೆಯ ಸುತ್ತ ಐದು ಇಲಿಗಳು ಕೂತು ಉಣ್ಣುತ್ತಿದ್ದವು. ಅವನನ್ನು ಕಂಡು ಒಂದೂ ಓಡಲಿಲ್ಲ. ದಿನವೂ ಅನ್ನ ತರುವವನ ಹೆಜ್ಜೆ ಅವಕ್ಕೆ ಗುರುತಿತ್ತು. ಬಾಗಿಲ ಪಕ್ಕದಲ್ಲೇ ದೊಣ್ಣೆ ಇತ್ತು. ಕೈ ಅಲ್ಲಿಯವರೆಗೆ ಹೋಯಿತು, ಎತ್ತಲು ಆಗಲಿಲ್ಲ. ಇವನ್ನೂ ಓಡಿಸಿಬಿಟ್ಟರೆ ಆ ಅನ್ನವನ್ನು ಉಣ್ಣುವವರು ಇನ್ನು ಯಾರೂ ಇರಲಿಲ್ಲ. ಚೊಂಬನ್ನು ಎಲೆಯ ಪಕ್ಕದಲ್ಲಿಟ್ಟು, ಒಳಗೆ ಬಂದು ಬಾಗಿಲು ಮುಚ್ಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಮರುದಿನದಿಂದ ಎಡೆ ಇಡುವುದನ್ನು ಬಿಟ್ಟನೇ?" ಎಂದು ಶಿಷ್ಯ ಕೇಳಿದ.

"ಎಲ್ಲಿ ಬಿಟ್ಟ? ನೀರಿಡುವುದನ್ನು ಮಾತ್ರ ಮತ್ತೆ ಮರೆಯಲಿಲ್ಲ."

ಜಪಕ್ಕೆ ಹೊತ್ತಾಗಿತ್ತು. ಶಿಷ್ಯ ಎದ್ದು ತನ್ನ ಕೋಣೆಯ ಕಡೆ ಹೊರಟ. ಅವನು ಬಾಗಿಲಿಗೆ ಕೈಯಿಟ್ಟಾಗ ಗುರುಗಳು ಕೂತಲ್ಲಿಂದಲೇ ಕೇಳಿದರು:

"ನೀನು ಬಾಗಿಲು ಮುಚ್ಚಿದ ಮೇಲೆ ಒಳಗೆ ಉಣ್ಣುವವರು ಯಾರು, ಮಗೂ?"